ಹನ್ನೊಂದು ಕಥೆ ಶುರು ಮಾಡಿದ್ದೇನೆ, ಒಂದೂ ನಾಲ್ಕನೇ ಪುಟ ದಾಟಿಲ್ಲ. ಏನು ಮಾಡೋದು?

ಮಂಡಿ ಗುಮಾಸ್ತ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಊರು ತೀರ್ಥಹಳ್ಳಿ ಕಡೆ. ರಾತ್ರಿ ಊಟ ಆದ ಮೇಲೆ ಕಥೆ ಬರೆಯುವ ಹುಚ್ಚು. ಹುಚ್ಚು ಅಂತಲೇ ಹೇಳುತ್ತೇನೆ, ಆರು ವರ್ಷದಲ್ಲಿ ಒಂದೂ ಮುಗಿದಿಲ್ಲವಲ್ಲ.

ಮೊನ್ನೆ ಹಳೇ ನೋಟ್‌ಬುಕ್ ಎಲ್ಲ ತೆಗೆದು ಎಣಿಸಿದೆ. ಹನ್ನೊಂದು ಕಥೆ. ಹನ್ನೊಂದೂ ಮೂರು-ನಾಲ್ಕು ಪುಟಕ್ಕೆ ನಿಂತಿವೆ. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು, ಹೇಳಲು ನಾಚಿಕೆ. ಅದರಲ್ಲಿ ಒಂಬತ್ತು ಕಥೆ ಮಳೆಯಿಂದಲೇ ಶುರು. 'ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು' ಅನ್ನುವ ವಾಕ್ಯ ಒಂದಕ್ಷರ ಬದಲಾಗದೆ ನಾಲ್ಕು ಕಡೆ ಇದೆ.

ಈ ಸಲವಾದರೂ ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಒಂದು ಕಳಿಸಬೇಕು ಅಂತ ಆಸೆ. ನೀವೆಲ್ಲ ದಿನಾ ಬರೆಯುತ್ತೀರಾ? ಕೊನೆ ಮೊದಲೇ ಗೊತ್ತಿರುತ್ತಾ? ನಾಲ್ಕನೇ ಪುಟ ದಾಟುವುದು ಹೇಗೆ?

ಇಂಬಳ
ಉಳಿದ ಎರಡು ಹೇಗೆ ಶುರುವಾಗುತ್ತವೆ?

ಮಂಡಿ ಗುಮಾಸ್ತ
ಒಂದು ಮಂಜಿನಿಂದ. ಇನ್ನೊಂದು ಮಳೆ ನಿಂತ ಮೇಲೆ.

ಇಂಬಳ
ಅದಕ್ಕೇ ಕೇಳಿದೆ.

ಭದ್ರಾವತಿ ಕುಲುಮೆ
ನಮ್ಮ ಜಿಲ್ಲೆಯವರ ಕಾಯಿಲೆಯೇ ಇದು. ಮಳೆ, ಮಂಜು, ಹಂಡೆ ಒಲೆ, ಅಜ್ಜಿಯ ಕಡುಬು. ಮಲೆನಾಡು ಅಂದರೆ ಕ್ಯಾಲೆಂಡರ್ ಚಿತ್ರವಾ? ನಾನು ಕಾರ್ಖಾನೆ ಕಾಲೊನಿಯಲ್ಲಿ ಬೆಳೆದವನು. ಬೆಳಗ್ಗೆ ಸೈರನ್ ಆದರೆ ಇಡೀ ಬೀದಿ ಸೈಕಲ್ಲು. ಅದೂ ಇದೇ ಜಿಲ್ಲೆಯಲ್ಲವಾ? ಅದರ ಬಗ್ಗೆ ಬರೆದರೆ 'ಮಲೆನಾಡಿನ ಸೊಗಡು ಇಲ್ಲ' ಅಂತ ವಾಪಸ್ ಬರುತ್ತೆ.

ಸಾಗರದ ಮೇಷ್ಟ್ರು
ಕುಲುಮೆಯವರ ಸಿಟ್ಟು ಸರಿ. ಆದರೆ ಮಳೆಯನ್ನೇ ಬೈದು ಏನು ಬಂತು? ತಪ್ಪು ಮಳೆಯದ್ದಲ್ಲ, 'ಧೋ' ಅನ್ನುವುದರದ್ದು.

ಗುಮಾಸ್ತರೇ, ನೀವು ಅಡಿಕೆ ಊರಿನವರು. ಆರಿದ್ರಾ ಮಳೆ ಬೇರೆ, ಆಶ್ಲೇಷ ಮಳೆ ಬೇರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಒಂದು ಸಲ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದಾಗಿದೆ. 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ನಲವತ್ತು ದಿನ ಕಳೆಯಿತು. ಎರಡನೇ ಸಲ ಹೊಡೆಯಬೇಕು, ಮಳೆ ಬಿಡುತ್ತಿಲ್ಲ. ಮರ ಹತ್ತುವವನು ಬರುತ್ತೇನೆ ಅಂದವನು ಬರಲಿಲ್ಲ. ಮರದಡಿ ಕೊಳೆತ ಕಾಯಿ ಬೀಳುವುದು ಶುರುವಾಗಿದೆ. ಈಗ ಜಗುಲಿಯಲ್ಲಿ ಕೂತು ಮಳೆ ನೋಡುವ ಮನುಷ್ಯನನ್ನು ಬರೆಯಿರಿ. 'ಧೋ' ಬೇಕೇ ಆಗಲ್ಲ. ಅವನು ಮಳೆ ನೋಡುತ್ತಿಲ್ಲ, ಸಾಲ ನೋಡುತ್ತಿದ್ದಾನೆ.

ನಿಮ್ಮ ಕಥೆ ನಾಲ್ಕನೇ ಪುಟಕ್ಕೆ ನಿಲ್ಲುವುದಕ್ಕೂ ಇದೇ ಕಾರಣ ಇರಬಹುದು. ಕಥೆಯೊಳಗೆ ಯಾರಿಗೆ ಏನು ಬೇಕಾಗಿದೆ? ಯಾರಿಗೂ ಏನೂ ಬೇಡದಿದ್ದರೆ ಮಳೆ ನೋಡಿಕೊಂಡು ಮೂರು ಪುಟ ಕೂರಬಹುದು. ನಾಲ್ಕನೇ ಪುಟಕ್ಕೆ ಹೊಟ್ಟೆ ಹಸಿಯುತ್ತೆ.

ಇಂಬಳ
ಮೇಷ್ಟ್ರು ನಿವೃತ್ತರಾದರೂ ನೋಟ್ಸ್ ಬರೆಸುವುದು ಬಿಟ್ಟಿಲ್ಲ.

ಪ್ರೂಫ್ ನೋಡುವವ
ನಾನು ಹದಿನಾಲ್ಕು ವರ್ಷ ಬೇರೆಯವರ ಕಥೆಯ ಕರಡು ತಿದ್ದಿದವನು. ನನ್ನ ತಕರಾರು ವಾಕ್ಯದ ಬಾಲದ ಮೇಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಕಥೆ ಭೂತಕಾಲದಲ್ಲಿದ್ದರೆ ಎಲ್ಲ ವಾಕ್ಯವೂ ಒಂದೇ ಥರ ಮುಗಿಯುತ್ತೆ. ನೋಡಿ:

'ರಾಮಣ್ಣನು ಎದ್ದನು. ಬಾಗಿಲು ತೆರೆದನು. ಅಂಗಳ ನೋಡಿದನು. ನಿಟ್ಟುಸಿರು ಬಿಟ್ಟನು.'

ಜೋರಾಗಿ ಓದಿ. ನು, ನು, ನು, ನು. ಮೊಳೆ ಹೊಡೆದ ಹಾಗಿದೆ. ಇದನ್ನೇ ಹೀಗೆ ಬರೆದರೆ?

'ರಾಮಣ್ಣ ಎದ್ದು ಬಾಗಿಲು ತೆರೆದ. ಅಂಗಳದ ತುಂಬ ನೀರು. ಚಪ್ಪಲಿ ಒಂದೇ ಇದೆ.'

ನಡುವಿನ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಕೊನೆಯದು ವರ್ತಮಾನಕ್ಕೆ ಜಾರಿತು. ಕನ್ನಡ ಇದನ್ನೆಲ್ಲ ಸಲೀಸಾಗಿ ತಡೆದುಕೊಳ್ಳುತ್ತೆ. ನಿಟ್ಟುಸಿರು ನಾನು ಬಿಡಿಸಲಿಲ್ಲ, ಓದುವವರು ಬಿಟ್ಟುಕೊಳ್ಳಲಿ. ಹಾಗಂತ 'ಎದ್ದು, ಹೋಗಿ, ತೆರೆದು, ನೋಡಿ, ತಿರುಗಿ, ಬಂದು' ಅಂತ ಗೂಡ್ಸ್ ರೈಲು ಜೋಡಿಸಬೇಡಿ. ಮೂರು ಬೋಗಿ ಸಾಕು.

ಇನ್ನೊಂದು. ಮಾತಿನ ಮುಂದೆ 'ಅಂದ', 'ಅಂದಳು' ಸಾಕು. 'ಎಂದು ಗುಡುಗಿದನು', 'ಎಂದು ಉಸುರಿದಳು', 'ಎಂದು ಮುಗುಳ್ನಕ್ಕಳು' ಎಲ್ಲ ತೆಗೆಯಿರಿ. ಮುಗುಳ್ನಗುತ್ತಾ ಯಾರೂ ಒಂದು ಪೂರ್ತಿ ವಾಕ್ಯ ಹೇಳಲ್ಲ. ಬೇಕಿದ್ದರೆ ಕನ್ನಡಿ ಮುಂದೆ ನಿಂತು ನೋಡಿ.

ಕೊಪ್ಪದ ಹುಡುಗಿ
ಈಗಷ್ಟೇ ನೋಡಿದೆ. ಆಗಲ್ಲ.

ಭದ್ರಾವತಿ ಕುಲುಮೆ
ನನಗೆ ಆಯಿತು. ಹೆಂಡತಿ ಬಂದು ಏನಾಯಿತು ಅಂತ ಕೇಳಿದಳು.

ಮಂಡಿ ಗುಮಾಸ್ತ
ಪ್ರೂಫ್ ಸಾರ್, ನನ್ನ ನೋಟ್‌ಬುಕ್ಕಿನಲ್ಲಿ 'ಉಸುರಿದಳು' ಹದಿನೇಳು ಸಲ ಇದೆ. ಎಣಿಸುವುದು ನನ್ನ ಕಸುಬು, ತಪ್ಪಿರಲ್ಲ.

ದಿನಾ ಬರೆಯುವ ವಿಷಯ ಯಾರೂ ಹೇಳಲಿಲ್ಲ.

ತುಂಗಾ ದಂಡೆ
ದಿನಾ ಬರೆಯುವುದೆಲ್ಲ ಸುಳ್ಳು. ಕಥೆ ಹದಕ್ಕೆ ಬರಬೇಕು. ಕಾನೂರು ಹೆಗ್ಗಡಿತಿ ಬಂದಿದ್ದು 1936ರಲ್ಲಿ. ಮಲೆಗಳಲ್ಲಿ ಮದುಮಗಳು 1967ರಲ್ಲಿ. ನಡುವೆ ಮೂವತ್ತೊಂದು ವರ್ಷ. ಕುವೆಂಪು ಕಾದಿದ್ದಾರೆ, ನಾವ್ಯಾಕೆ ಅವಸರ ಮಾಡಬೇಕು?

ಪ್ರೂಫ್ ನೋಡುವವ
ಅವರು ಕೈಕಟ್ಟಿಕೊಂಡು ಕಾಯಲಿಲ್ಲ ಸ್ವಾಮಿ. ಆ ನಡುವೆಯೇ ರಾಮಾಯಣ ದರ್ಶನಂ ಬರೆದರು. ಪಾಠ ಮಾಡಿದರು, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ನೀವು ಮೂವತ್ತೊಂದು ವರ್ಷದಲ್ಲಿ ಏನು ಮಾಡಿದಿರಿ?

ತುಂಗಾ ದಂಡೆ
ವೈಯಕ್ತಿಕ ಆಗಬೇಡಿ.

ಸಾಗರದ ಮೇಷ್ಟ್ರು
ದಂಡೆಯವರೇ, ಹದ ಅಂದಿರಲ್ಲ, ಅಲ್ಲೇ ಬನ್ನಿ. ಅಡಿಕೆ ಗೊನೆ ಹದಕ್ಕೆ ಬರುವ ತನಕ ತೋಟದಲ್ಲಿ ಕೆಲಸ ಇರಲ್ವಾ? ಬೇಸಾಯ, ಸೊಪ್ಪು, ಕಪ್ಪು (ನೀರು ಹೋಗುವ ಕಾಲುವೆ) ಬಿಡಿಸುವುದು, ಔಷಧಿ. ಅಷ್ಟೇ ಅಲ್ಲ, ಹದ ಮೀರಿದರೂ ಕಷ್ಟ. ಎಳೆಯದರಲ್ಲಿ ಕೊಯ್ದರೆ ಬೇಯಿಸಿ ಕೆಂಪಡಿಕೆ ಮಾಡಬಹುದು. ಮರದಲ್ಲೇ ಹಣ್ಣಾಗಲು ಬಿಟ್ಟರೆ ಒಣಗಿಸಿ ಸುಲಿದು ಚಾಲಿ ಮಾಡಬೇಕಷ್ಟೆ. ಹತ್ತು ವರ್ಷ ತಲೆಯಲ್ಲಿ ಇಟ್ಟುಕೊಂಡ ಕಥೆಗಳ ಪಾಡು ನೋಡಿದ್ದೇನೆ. ಹೇಳುವಾಗ ಚೆನ್ನಾಗಿರುತ್ತವೆ. ಬರೆಯಲು ಕೂತರೆ ಒಣಗಿರುತ್ತವೆ.

ಹೊಸನಗರದ ಅಕ್ಕ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ದಿನಾ ಬರೆಯಿರಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಬರೆಯಿರಿ ಅಂತ ಹೇಳುವವರೆಲ್ಲ ಗಂಡಸರೇ. ಅವರು ಬರೆಯುವ ಮೇಜಿಗೆ ಕಾಫಿ ಯಾರೋ ತಂದು ಇಡುತ್ತಾರೆ. ನಾನು ನಾಲ್ಕೂವರೆಗೆ ಏಳುತ್ತೇನೆ, ದನದ ಕೊಟ್ಟಿಗೆಗೆ ಹೋಗುತ್ತೇನೆ.

ನನ್ನದು ಒಟ್ಟು ಏಳು ಕಥೆ ಅಚ್ಚಾಗಿವೆ. ಮೇಜು-ಕುರ್ಚಿಯಲ್ಲಿ ಬರೆದಿದ್ದು ಒಂದೂ ಇಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಮುಂದೆ ಕೂರುತ್ತೇವೆ. ಕೈಗೆ ಕೆಲಸ, ಬಾಯಿ ಖಾಲಿ. ಸುತ್ತ ಎಂಟು ಹೆಂಗಸರು. ಅವರು ಕಥೆ ಹೇಳುವುದನ್ನು ಕೇಳಬೇಕು ನೀವು. ಯಾರೂ ಮಳೆಯಿಂದ ಶುರು ಮಾಡಲ್ಲ. 'ಅವಳು ಬಸ್ಸಿಂದ ಇಳಿದಳು, ಕೈಯಲ್ಲಿ ಬಳೆ ಇರಲಿಲ್ಲ' ಅಂತ ಶುರು. ಎಂಟೂ ಕತ್ತಿ ನಿಂತು ಹೋಗುತ್ತವೆ. ಹೇಳುವವಳು ಮಾತ್ರ ಎರಡು ಅಡಿಕೆ ಸುಲಿದು ಆಮೇಲೆ ಮುಂದಿನದು ಹೇಳುತ್ತಾಳೆ. ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಕಲಿಸಿದ್ದು ಅದು.

ಬರೆಯುವುದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ. ಅಡುಗೆಮನೆಯ ಡಬ್ಬಿ ಸಂದಿಯಲ್ಲಿ ಇರುತ್ತೆ. ದಿನಕ್ಕೆ ಐದು ಸಾಲು, ಕೆಲವು ದಿನ ಅದೂ ಇಲ್ಲ. ಒಂದು ಮಾತ್ರ ತಪ್ಪದೆ ಮಾಡುತ್ತೇನೆ. ಮುಂದಿನ ಸಾಲು ಗೊತ್ತಿರುವಾಗಲೇ ಪೆನ್ನು ಇಡುತ್ತೇನೆ. ನಾಳೆಯ ದೋಸೆಗೆ ಇವತ್ತೇ ಅಕ್ಕಿ ನೆನೆಹಾಕಲ್ವಾ, ಹಾಗೆ. ಪೂರ್ತಿ ಖಾಲಿ ಆಗುವ ತನಕ ಬರೆದು ಮಲಗಿದರೆ ಬೆಳಗ್ಗೆ ಒಲೆ ಮುಂದೆ ಪೆಚ್ಚಾಗಿ ನಿಲ್ಲಬೇಕಾಗುತ್ತೆ.

ಕೊಪ್ಪದ ಹುಡುಗಿ
ಅಕ್ಕಾ, ಬಳೆ ಇರಲಿಲ್ಲ, ಆಮೇಲೆ?

ಹೊಸನಗರದ ಅಕ್ಕ
ಎರಡು ಅಡಿಕೆ ಸುಲಿದು ಹೇಳುತ್ತೇನೆ.

ಕೊಪ್ಪದ ಹುಡುಗಿ
ಅಯ್ಯೋ!

ನಾನು ಮೊಬೈಲಿನಲ್ಲಿ ಬರೆಯುವುದು. ಮಾತಾಡಿದರೆ ಅದೇ ಟೈಪ್ ಮಾಡುತ್ತೆ ಅಂತ ಖುಷಿಯಾಗಿತ್ತು. 'ಎಂತ ಮಾರಾಯ್ತಿ' ಅಂದರೆ 'ಎಂಥ ಮಹಾರಾಯರಿಗೆ' ಅಂತ ಬರೆಯಿತು. ನಮ್ಮ ಅಜ್ಜಿಯ ಮಾತು ಹೇಳಿದರೆ ಫೋನೇ ಗಾಬರಿ. ಅದಕ್ಕೆ ಕೇಳುತ್ತೇನೆ, ಕಥೆಯಲ್ಲಿ ಮಾತು ಎಷ್ಟು ನಮ್ಮ ಕಡೆಯದ್ದಿರಬೇಕು? ಅಜ್ಜಿ ಆಡಿದ ಹಾಗೇ ಬರೆದರೆ ಮೈಸೂರಿನ ಗೆಳತಿಗೆ ಅರ್ಥ ಆಗಲಿಲ್ಲ. ಸರಿ ಮಾಡಿ ಬರೆದರೆ ಅಜ್ಜಿ ಟಿವಿ ವಾರ್ತೆ ಓದಿದ ಹಾಗಾಯಿತು.

ತುಂಗಾ ದಂಡೆ
ಇದ್ದ ಹಾಗೇ ಬರೆಯಬೇಕು. ಅರ್ಥ ಆಗದವರು ಕಲಿಯಲಿ.

ಪ್ರೂಫ್ ನೋಡುವವ
ಕಲಿಯಲ್ಲ, ಪುಟ ತಿರುಗಿಸುತ್ತಾರೆ. ಉಚ್ಚಾರ ಇದ್ದ ಹಾಗೆ ಕಾಗುಣಿತ ಮುರಿದು ಬರೆಯುವುದು ಸುಲಭ, ಓದುವುದು ಕಷ್ಟ. ಪದ ಮತ್ತು ಮಾತಿನ ಜೋಡಣೆ ನಿಮ್ಮ ಕಡೆಯದ್ದಿರಲಿ, ಕಾಗುಣಿತ ಆದಷ್ಟು ಗೊತ್ತಿರುವುದೇ ಇರಲಿ. 'ಎಂತಕ್ಕೆ' ಅನ್ನುವ ಒಂದು ಪದ ಅಜ್ಜಿಯನ್ನು ಕೊಪ್ಪದಲ್ಲಿ ಕೂರಿಸುತ್ತೆ.

ಸಾಗರದ ಮೇಷ್ಟ್ರು
ಅದಕ್ಕೂ ಮುಂಚೆ ಯಾರ ಮನೆಯ ಅಜ್ಜಿ ಅಂತ ತಿಳಿದಿರಬೇಕು. ನಮ್ಮಲ್ಲಿ ಹವ್ಯಕರ ಮನೆಯ ಮಾತು ಬೇರೆ, ಒಕ್ಕಲಿಗರ ಮನೆಯದ್ದು ಬೇರೆ, ದೀವರದ್ದು ಬೇರೆ. ಎಲ್ಲವನ್ನೂ ಕಲಸಿ 'ಮಲೆನಾಡ ಭಾಷೆ' ಅಂತ ಬಡಿಸುವವರಿದ್ದಾರೆ. ಆ ಪಾತ್ರ ಯಾವ ಮನೆಯದ್ದೂ ಆಗಲ್ಲ.

ಕೊಪ್ಪದ ಹುಡುಗಿ
ನಮ್ಮ ಅಜ್ಜಿಯ ತವರು ಶರಾವತಿ ಕಡೆ. ಕಥೆ 1962ರದ್ದು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಲಾಂಚ್ ಮೇಲೆ ದಿಬ್ಬಣ ಹೋಗುವ ದೃಶ್ಯ ಇದೆ. ಅದೊಂದು ಚೆನ್ನಾಗಿ ಬಂದಿದೆ ಅನಿಸುತ್ತೆ.

ಸಾಗರದ ಮೇಷ್ಟ್ರು
ಮಗಳೇ, ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದೇ 1964ರಲ್ಲಿ. 1962ರಲ್ಲಿ ಆ ಹಿನ್ನೀರು ಇಲ್ಲ. ಅದಕ್ಕೂ ಮುಂಚೆ 1948ರ ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದೂ ಈಗ ಲಿಂಗನಮಕ್ಕಿ ನೀರಿನೊಳಗೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ತಲೆ ಎತ್ತುತ್ತೆ. ನಿನ್ನ ದಿಬ್ಬಣ ನೀರಿನ ಮೇಲೆ ಹೋಗಬಾರದು, ಮುಂದೆ ಮುಳುಗಲಿರುವ ಗದ್ದೆ ಬದುವಿನ ಮೇಲೆ ನಡೆದು ಹೋಗಬೇಕು. ನನಗಂತೂ ಅದೇ ಹೆಚ್ಚು ಇಷ್ಟ.

ಕೊಪ್ಪದ ಹುಡುಗಿ
ಅಯ್ಯಯ್ಯೋ. ಎಂಟು ಪುಟ ಬರೆದಿದ್ದೆ. ಆದರೆ ಬದು... ಹ್ಞೂಂ.

ಭದ್ರಾವತಿ ಕುಲುಮೆ
ಲಾಂಚ್ ಅಂದಿದ್ದಕ್ಕೆ ನೆನಪಾಯಿತು. ಅದೇ ಹಿನ್ನೀರು ದಾಟಿ ಸಿಗಂದೂರಿಗೆ ಲಾಂಚಿನಲ್ಲಿ ಹೋಗುವ ಕಥೆ ಒಂದು ನನ್ನ ಹತ್ತಿರ ಅರ್ಧ ಇತ್ತು. 'ಈಗಿನ ಕಾಲದ್ದು' ಅಂದುಕೊಂಡಿದ್ದೆ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯಿತು. ನನ್ನ ಕಥೆ ಒಂದೇ ದಿನದಲ್ಲಿ ಹಳೇ ಕಾಲದ್ದಾಯಿತು.

ಇಂಬಳ
ಬೇಗ ಮುಗಿಸಿದ್ದರೆ ಇತಿಹಾಸ ಆಗುತ್ತಿತ್ತು. ಈಗ ಬರೀ ಲೇಟು.

ಮಂಡಿ ಗುಮಾಸ್ತ
ಎಲ್ಲರ ಮಾತೂ ಓದಿದೆ. ಮೇಷ್ಟ್ರು ಕೇಳಿದ ಪ್ರಶ್ನೆ ತಲೆ ತಿನ್ನುತ್ತಿದೆ, ಯಾರಿಗೆ ಏನು ಬೇಕು ಅಂತ. ನನ್ನ ಹನ್ನೊಂದು ಕಥೆಯಲ್ಲೂ ಒಬ್ಬ ಹುಡುಗ ಕಿಟಕಿಯ ಹತ್ತಿರ ಕೂತು ಯೋಚಿಸುತ್ತಾನೆ. ಅವನಿಗೆ ಏನೂ ಬೇಡ. ನಿಜ ಹೇಳಬೇಕೆಂದರೆ ನನ್ನ ಬದುಕಿನಲ್ಲಿ ಕಥೆ ಆಗುವಂಥದ್ದು ಏನೂ ನಡೆಯಲ್ಲ. ದಿನವಿಡೀ ಮಂಡಿ. ಅಡಿಕೆಯಲ್ಲಿ ರಾಶಿ ಯಾವ ದರ, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಒಂದೊಂದು ಬಗೆಯ ಲೆಕ್ಕ, ಇಷ್ಟೇ. ವಿಶೇಷ ಅಂದರೆ ಯಾವಾಗಲೋ ಒಮ್ಮೆ ಯಾರೋ ಏನೋ ಕೇಳುತ್ತಾರೆ. ಹಿಂದೊಮ್ಮೆ ಒಬ್ಬ ಯಜಮಾನರು ಅಡಿಕೆ ಮಾರಿ, ಮಾರಾಟದ ಪಟ್ಟಿ ಎರಡು ಮಾಡಿಕೊಡು ಅಂದರು. ಒಂದು ಅಸಲಿ, ಇನ್ನೊಂದು ಕಮ್ಮಿ ದುಡ್ಡು ತೋರಿಸಿ ಮನೆಗೆ. ಮಗನಿಗೆ ಗೊತ್ತಾಗಬಾರದಂತೆ. ನಾನು ಆಗಲ್ಲ ಅಂದೆ. ಅವರು ಸಿಟ್ಟು ಮಾಡಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ನನಗೂ ಒಂದು ಕಾಫಿ ಕಳಿಸಿದರು. ಇಂಥವೇ. ಇದರಲ್ಲಿ ಕಥೆ ಎಲ್ಲಿಂದ ತರಲಿ?

ಹೊಸನಗರದ ಅಕ್ಕ
ತಮ್ಮಾ!!

ಪ್ರೂಫ್ ನೋಡುವವ
ಗುಮಾಸ್ತರೇ, ನೀವು ಮೇಲೆ ಬರೆದಿದ್ದನ್ನು ನೀವೇ ಇನ್ನೊಂದು ಸಲ ಓದಿ.

ಇಂಬಳ
ಆರು ವರ್ಷ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಾನೆ. ಬೆನ್ನ ಹಿಂದೆ ಮಂಡಿ.

ಸಾಗರದ ಮೇಷ್ಟ್ರು
ಆ ಕಾಫಿ! ಕಾಫಿ ಯಾಕೆ ಕಳಿಸಿದರು? ಕಡಿಮೆ ತೋರಿಸಿದ ದುಡ್ಡು ಎಲ್ಲಿಗೆ ಹೋಗಬೇಕಿತ್ತು? ಮಗಳಿಗಾ, ಆಸ್ಪತ್ರೆಗಾ, ಇನ್ನೊಂದು ಮನೆಗಾ? ಇದು ನಿಮಗೆ ಗೊತ್ತಿಲ್ಲದಿರುವುದೇ ಒಳ್ಳೆಯದು. ಗೊತ್ತಿದ್ದರೆ ಸುದ್ದಿ ಆಗುತ್ತಿತ್ತು.

ಮಂಡಿ ಗುಮಾಸ್ತ
ಮೈ ಜುಂ ಅಂತು. ಆದರೆ ಒಂದು ಭಯ. ಅವರು ಈಗಲೂ ಬರುತ್ತಾರೆ. ನಂಬಿ ಕೇಳಿದ ಮಾತು ಅದು. ಬರೆದರೆ ತಪ್ಪಲ್ವಾ?

ತುಂಗಾ ದಂಡೆ
ಬರಹಗಾರ ಹೆದರಬಾರದು. ಬರೆದುಬಿಡಿ.

ಭದ್ರಾವತಿ ಕುಲುಮೆ
ನೀವು ಸುಲಭವಾಗಿ ಹೇಳುತ್ತೀರಿ. ನನ್ನ ಕಥೆ ಕೇಳಿ. ನಮ್ಮ ಮನೆ ಪಾಲಾದ ವರ್ಷ ನಾನೊಂದು ಕಥೆ ಬರೆದೆ. ದೊಡ್ಡಪ್ಪನ ಪಾತ್ರ. ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ, ಮೀಸೆ ತೆಗೆದೆ. ಆದರೆ ಹಿತ್ತಾಳೆ ಹಂಡೆಯನ್ನು ತೂಕ ಮಾಡಿ ಹಂಚಿದ್ದನ್ನು ಹಾಗೇ ಬಿಟ್ಟೆ. ಅದು ನಮ್ಮ ಮನೆಯಲ್ಲಿ ಬಿಟ್ಟರೆ ಎಲ್ಲೂ ನಡೆದಿಲ್ಲ. ಪತ್ರಿಕೆಯಲ್ಲಿ ಬಂದ ಮೂರನೇ ದಿನಕ್ಕೆ ದೊಡ್ಡಪ್ಪನಿಗೆ ಯಾರೋ ಓದಿ ಹೇಳಿದರು. ನಾಲ್ಕು ವರ್ಷ ಮಾತಿಲ್ಲ. ತಮಾಷೆ ಅಂದರೆ ಚಿಕ್ಕಪ್ಪನಿಗೂ ಸಿಟ್ಟು, ಕಥೆಯಲ್ಲಿ ತಾನೇ ಇಲ್ಲವಲ್ಲ ಅಂತ.

ಹೊಸನಗರದ ಅಕ್ಕ
ಮೀಸೆ ತೆಗೆದರೆ ಏನು ಬಂತು, ಹಂಡೆ ತೆಗೆಯಬೇಕಿತ್ತು. ಜನ ಮುಖದಿಂದ ಗುರುತು ಹಿಡಿಯಲ್ಲ, ವಸ್ತುವಿನಿಂದ ಹಿಡಿಯುತ್ತಾರೆ. ನಾನು ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡುತ್ತೇನೆ. ಒಬ್ಬಳ ಸಿಟ್ಟು, ಇನ್ನೊಬ್ಬಳ ಸಂಕಟ. ಹಾಗೆ ಮಾಡಿದರೆ ಅವರು ನಿಜವಾದವರಿಗಿಂತ ಬೇರೆಯೇ ದಾರಿ ಹಿಡಿಯುತ್ತಾರೆ, ನನಗೂ ಕಥೆ ಹೊಸದಾಗುತ್ತೆ. ತಮ್ಮಾ, ನಿಮ್ಮ ಯಜಮಾನರಿಗೆ ಮಗನ ಬದಲು ತಮ್ಮ ಇರಲಿ. ಇಲ್ಲ, ಕೇಳಲು ಬಂದವಳು ಹೆಂಡತಿಯೇ ಆಗಿರಲಿ. ಅಥವಾ ಗುಮಾಸ್ತ 'ಆಗಲ್ಲ' ಅನ್ನದೆ ಬರೆದುಕೊಟ್ಟ ಅಂದುಕೊಳ್ಳಿ.

ಮಂಡಿ ಗುಮಾಸ್ತ
ಬರೆದುಕೊಟ್ಟರೆ? ಕೆಲಸ ಹೋಗುತ್ತೆ ಅಕ್ಕಾ.

ಇಂಬಳ
ಐದನೇ ಪುಟ ಸಿಕ್ಕಿತು.

ಕೊಪ್ಪದ ಹುಡುಗಿ
ಐದಲ್ಲ, ಹದಿನೈದು!

*(ಒಂಬತ್ತು ದಿನದ ನಂತರ)*

ಮಂಡಿ ಗುಮಾಸ್ತ
ಪೂರ್ತಿ ಆಗಿಲ್ಲ, ಆದರೆ ಹತ್ತನೇ ಪುಟದಲ್ಲಿದ್ದೇನೆ. ಅಕ್ಕ ಹೇಳಿದ ಹಾಗೆ ಮುಂದಿನ ಸಾಲು ಗೊತ್ತಿರುವಾಗಲೇ ಎದ್ದೇಳುತ್ತೇನೆ. ಮೊದಲ ಎರಡು ದಿನ ನಿದ್ದೆಯೇ ಬರಲಿಲ್ಲ. ಯಜಮಾನರನ್ನು ಇಬ್ಬರಿಂದ ಮಾಡಿದೆ, ಒಬ್ಬರು ನಮ್ಮ ಹಳೇ ಪೋಸ್ಟ್‌ಮ್ಯಾನ್. ಶುರು ಹೀಗಿದೆ, ಬೈಯಿರಿ:

'ಯಜಮಾನರು ಪಟ್ಟಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಇದೇ ಥರದ್ದು ಇನ್ನೊಂದು ಬರೀಲಿಕ್ಕೆ ಆಗ್ತದಾ? ಹತ್ತು ಸಾವಿರ ಕಮ್ಮಿ ಹಾಕಿ" ಅಂದರು. ನಾನು ಪೆನ್ನಿನ ಕ್ಯಾಪು ಮುಚ್ಚಿದೆ. ಫ್ಯಾನಿನ ಗಾಳಿಗೆ ಪಟ್ಟಿ ಹಾರದ ಹಾಗೆ ಅವರು ಅದರ ಮೇಲೆ ಒಂದು ಅಡಿಕೆ ಇಟ್ಟರು.'

ಹೊಸನಗರದ ಅಕ್ಕ
ಆ ಅಡಿಕೆ ಇಟ್ಟಿದ್ದು ಸಾಕು ನನಗೆ.

ಇಂಬಳ
ಮಳೆ ಎಲ್ಲಿ?

ಮಂಡಿ ಗುಮಾಸ್ತ
ಏಳನೇ ಪುಟದಲ್ಲಿ ಬರುತ್ತೆ. ಪಟ್ಟಿ ನೆನೆಯುತ್ತೆ. ಯಾವುದು ನೆನೆಯಿತು ಅಂತ ಹೇಳಲ್ಲ.

ಪ್ರೂಫ್ ನೋಡುವವ
ಚೆನ್ನಾಗಿದೆ. ಒಂದು ಕೇಳುತ್ತೇನೆ. 'ಓದಿದರು', 'ಅಂದರು', 'ಇಟ್ಟರು' ಅಂತ ಗೌರವ ಕೊಟ್ಟಿದ್ದೀರಿ. ಕೊನೆಯ ತನಕ ಹಾಗೇ ಇರುತ್ತಾ? ಕನ್ನಡದಲ್ಲಿ ಕಥೆ ಹೇಳುವವನು ಯಾರನ್ನು 'ಬಂದರು' ಅಂತಾನೆ, ಯಾರನ್ನು 'ಬಂದ' ಅಂತಾನೆ ಅನ್ನುವುದರಲ್ಲೇ ಅರ್ಧ ಕಥೆ ಇದೆ. ಗುಮಾಸ್ತನಿಗೆ ಮೋಸ ಆಯಿತು ಅಂತ ಗೊತ್ತಾದ ಸಾಲಿನಲ್ಲಿ ಯಜಮಾನರು 'ಬಂದ' ಆಗಿಬಿಟ್ಟರೆ? ಬೇರೆ ಏನೂ ವಿವರಿಸಬೇಕಿಲ್ಲ.

ಸಾಗರದ ಮೇಷ್ಟ್ರು
ಒಪ್ಪಲ್ಲ. ಮಂಡಿ ಗುಮಾಸ್ತ ಎಷ್ಟು ಸಿಟ್ಟು ಬಂದರೂ ಹಿರಿಯರಿಗೆ 'ಬಂದ' ಅನ್ನಲ್ಲ. ಸಿಟ್ಟು ಇಟ್ಟುಕೊಂಡೇ 'ಬಂದರು' ಅನ್ನುತ್ತಾನೆ. ಅದೇ ಹೆಚ್ಚು ಉರಿ.

ಪ್ರೂಫ್ ನೋಡುವವ
ಹ್ಞೂಂ. ಇರಬಹುದು. ರಾತ್ರಿ ಯೋಚಿಸುತ್ತೇನೆ.

ಭದ್ರಾವತಿ ಕುಲುಮೆ
ನನ್ನ ಸಣ್ಣ ಅನುಮಾನ. ಈಗ ಪಟ್ಟಿ ಕಂಪ್ಯೂಟರಿನಲ್ಲಿ ಬರುತ್ತಲ್ಲ. ಪೆನ್ನು ಎಲ್ಲಿಂದ?

ಮಂಡಿ ಗುಮಾಸ್ತ
ಕಥೆಯನ್ನು 1998ಕ್ಕೆ ತಗೊಂಡು ಹೋಗಿದ್ದೇನೆ. ಆಗ ಎಲ್ಲ ಕೈಬರಹ.

ಭದ್ರಾವತಿ ಕುಲುಮೆ
ಹಾಗಾದರೆ ಹತ್ತು ಸಾವಿರ ಜಾಸ್ತಿ ಆಗಲ್ವಾ? ಅವತ್ತಿನ ಧಾರಣೆ ಎಷ್ಟಿತ್ತು?

ಮಂಡಿ ಗುಮಾಸ್ತ
ಅಯ್ಯೋ, ಹೌದಲ್ವಾ. ಆ ವರ್ಷದ ಲೆಕ್ಕದ ಪುಸ್ತಕ ನಮ್ಮ ಮಂಡಿಯ ಅಟ್ಟದ ಮೇಲೇ ಇದೆ. ಬೀಗದ ಕೈ ಮಾಲೀಕರ ಹತ್ತಿರ. ನಾಳೆ ಏನಾದರೂ ನೆಪ ಹೇಳಿ ಕೇಳಬೇಕು.

ಇಂಬಳ
ಕಾಫಿ ಕಳಿಸಿ ನೋಡಿ.